ಕೆರೆಯಂಗಳದ ಅತಿಥಿಗಳು



ಕೆರೆಯೆಂದರೆ ಏರಿ, ತೂಬು, ಕೋಡಿ, ನೀರು ಎಂದಿಷ್ಟನ್ನೇ ಜನರು ಎಣಿಸುವರು. ನೀರಿಳಿದಾಗ ಬಯಲಾಗುವ ಅಂಗಳವೂ ಅದರ ಸುತ್ತಣ ಹುಲ್ಲುನೆಲವೂ ಕೆರೆಯ ಅಂಗಗಳೇ ಎಂಬುದನ್ನು ಮರೆಯುವರು. ಆ ಕೆಸರಿನ ಹುಳುಗಳನ್ನು ಆಯ್ದು ತಿನ್ನಲು ದೂರದೇಶದ ಹಕ್ಕಿಗಳು ಚಳಿಗಾಲದಲ್ಲಿ ಬಂದಿಳಿಯುವುವು. ಟಿಟ್ಟಿಭವು ಬರಿನೆಲದ ಮೇಲೆಯೇ ಮೊಟ್ಟೆಯಿಡುವುದು. ಜೊಂಡಿನ ಮರೆಯಲ್ಲಿ ನೀರುಕೋಳಿ ಮರಿಮಾಡುವುದು. ಅಂಚು ಹೋದ ಮೇಲೆ ನಡುವೆ ನೀರು ತುಂಬಿದ್ದರೂ ಇವಕ್ಕೆ ನೆಲೆಯಿಲ್ಲ.

ನಂದಿಯ ಸೀಮೆಯಲ್ಲಿ ಈ ಮಾತಿಗೆ ಗುರುತ್ವವು ಹೆಚ್ಚು. ಹಲವು ನದಿಗಳಿಗೆ ತವರಾಗಿಯೂ ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲದ ನಾಡಿದು. ಮನುಷ್ಯರಿಗೂ ಮೃಗಪಕ್ಷಿಗಳಿಗೂ ಕೆರೆಯೇ ಗತಿ. ಬರಗಾಲದಲ್ಲಿ ಒಣಗಿದ ಅಂಚಿಗೆ ಮೊದಲು ನೇಗಿಲು ಇಳಿಯುವುದು, ಬಳಿಕ ಬೇಲಿ ಬರುವುದು, ಕಡೆಗೆ ಕಟ್ಟಡವೇಳುವುದು.

ಇದಕ್ಕೆ ಪರಿಹಾರವೇನು? ಸಾರ್ವಜನಿಕರ ನೆಲವನ್ನು ಸಾರ್ವಜನಿಕರದಾಗಿಯೇ ಉಳಿಸುವುದು ಮೊದಲನೆಯ ಮಾರ್ಗ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ ಕೆರೆ ಕಟ್ಟಿ ಬೆಂಗಳೂರಿಗೆ ನೀರೊದಗಿಸಿದರು. ಅದರ ಬಳಿಯ ಹುಲ್ಲುಗಾವಲಿನಲ್ಲಿ ಚಲನಚಿತ್ರನಗರಿಯನ್ನು ಕಟ್ಟುವ ಆಲೋಚನೆಯೂ ನಡೆದಿತ್ತು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಅಲ್ಲಿಯ ಸುಮಾರು 5,678 ಎಕರೆಗಳನ್ನು ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿ ಮಾಡಲು ಒಪ್ಪಿತು. ಇಂತಹ ಮೀಸಲು ಸರಕಾರದ ಭೂಮಿಗೆ ಸಲ್ಲುವುದು. ಸ್ಥಳದ ಜನರೊಡನೆ ಆಲೋಚಿಸಿಯೇ ಅದನ್ನು ಘೋಷಿಸಬೇಕೆಂದು ಕಾಯಿದೆಯ ವಿಧಿ.

ಆದರೆ ಅಂಚಿನ ನೆಲವು ಬಡ ಒಕ್ಕಲಿಗನ ಪಟ್ಟಾಭೂಮಿಯಾಗಿದ್ದರೆ? ಒಬ್ಬನ ಅನ್ನವನ್ನು ಕಸಿದು ಹಕ್ಕಿಗೆ ಉಣಿಸುವುದು ದಾಸೋಹವಲ್ಲ. ಅಲ್ಲಿ ಯೋಗ್ಯವಾದ ಬೆಲೆಯನ್ನು ಕೊಟ್ಟು ಕೊಳ್ಳುವುದೇ ಧರ್ಮ. ಕೆರೆಯಲ್ಲದಿದ್ದರೂ, ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು ಇದಕ್ಕೆ ನಿದರ್ಶನ. 1940ರಲ್ಲಿ ಪಕ್ಷಿಧಾಮವಾದ ಆ ಸ್ಥಳದ ಸುತ್ತಣ ಸುಮಾರು 28 ಎಕರೆ ಖಾಸಗಿ ಭೂಮಿಯನ್ನು 2012ರಿಂದ 2014ರೊಳಗೆ ಸರಕಾರವು ಕೊಂಡುಕೊಂಡಿತು.

ಇದು ಹೊಸ ಪದ್ಧತಿಯೇನೂ ಅಲ್ಲ. ಕೆರೆಯ ರಕ್ಷಣೆಗೆಂದು ಕಟ್ಟುಕೊಡಗೆಯಾಗಿ ಭೂಮಿಯನ್ನು ಬಿಡುತ್ತಿದ್ದುದನ್ನು ಕನ್ನಡನಾಡಿನ ಶಾಸನಗಳೇ ಸಾರುವುವು. ಪೂರ್ವಿಕರು ನೀರಿಗಾಗಿ ನೆಲವನ್ನು ಬಿಟ್ಟರು. ಇಂದಿನವರು ನೀರನ್ನು ನಂಬಿದ ಜೀವಗಳಿಗಾಗಿ ನೆಲವನ್ನು ಬಿಡಬೇಕಾಗಿದೆ.

ಆದ್ದರಿಂದ ಸದ್ಭಕ್ತರು ತಮ್ಮ ತಮ್ಮ ಊರಿನ ಕೆರೆಯ ಅಳತೆಯನ್ನು ಮಾಡಿಸಿ, ಗಡಿಕಲ್ಲುಗಳನ್ನು ನೆಡಿಸಲಿ. ಒತ್ತುವರಿ ಮಾಡಿದವನು ಸ್ವಂತ ಬಂಧುವಾದರೂ ಬಿಟ್ಟುಕೊಡುವಂತೆ ಹೇಳಲಿ. ಮನೆಯ ಬಾಗಿಲಿಗೆ ಬಂದ ಜಂಗಮನನ್ನು ಹಸಿದು ಹಿಂದಿರುಗಗೊಡದ ನಾಡಿದು. ವರ್ಷಕ್ಕೊಮ್ಮೆ ಕೆರೆಯ ಅಂಗಳಕ್ಕೆ ಬರುವ ಈ ಅತಿಥಿಗಳು ಬೇಡಲಾರವು, ದೂರಲಾರವು. ನೆಲೆ ತಪ್ಪಿದ ವರ್ಷ ಸುಮ್ಮನೆ ಬಾರದೆ ಹೋಗುವುವು.

ಶುಭಮಸ್ತು.