ಕಣ್ಣಿಗೆ ಕಾಣದ ಅಳತೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ಜೀವನದಿಯಿಲ್ಲದ ಈ ಸೀಮೆಯನ್ನು ಶತಮಾನಗಳ ಕಾಲ ಸಲಹಿದವು ಕೆರೆಗಳು. ಅವು ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದವು. ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಹೊತ್ತು ತಂದಿತು. ಲೀಟರಿಗೆ 1 ಮಿಲಿಗ್ರಾಮಿನೊಳಗೆ ಅದು ಹಲ್ಲಿಗೆ ರಕ್ಷೆ, 1.5ನ್ನು ಮೀರಿದರೆ ಮಕ್ಕಳ ಹಲ್ಲಿಗೆ ಕಲೆ. ಇನ್ನೂ ಹೆಚ್ಚಾದರೆ, ವರ್ಷಗಳು ಕಳೆದಂತೆ ಮೂಳೆಗೇ ಬೇನೆ. ನೀರನ್ನು ಕುದಿಸಿದರೂ ಅದು ಹೋಗದು.

ಈ ಅಳತೆಯ ಮಾತು ಕೆರೆಗೂ ಸಲ್ಲುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಇಲ್ಲಿನ ಕೆರೆಗಳನ್ನು ತುಂಬುತ್ತಿದೆ, ಅಂತರ್ಜಲವೂ ಏರಿದೆ. ಸತು, ತಾಮ್ರಗಳು ಲೇಶಮಾತ್ರವಿದ್ದರೆ ಪಾಚಿಗೂ ಮೀನಿಗೂ ಪೋಷಣೆ, ಹೆಚ್ಚಿದರೆ ವಿಷ. ಸೀಸ, ಕ್ಯಾಡ್ಮಿಯಂಗಳಿಂದ ಅವಕ್ಕೆ ಹಿತವಿಲ್ಲ. ಅವು ಹೂಳಿನಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತವೆ.

ಕೆರೆ ತುಂಬಿದ ಸಂತೋಷ ದೊಡ್ಡದು, ಕೇಳುಗರೆ. ನೀರನ್ನೂ ತಳದ ಹೂಳನ್ನೂ ವರ್ಷವರ್ಷವೂ ಪರೀಕ್ಷಿಸುವ ಎಚ್ಚರ ಅದಕ್ಕಿಂತ ಚಿಕ್ಕದಾಗಬಾರದು.