ಚೆಂಡಿಲ್ಲದ ಕಡೆ ನೋಡುವ ಕಣ್ಣು

ಕೆಲವು ವರ್ಷಗಳ ಹಿಂದೆ, ಬೇಸಿಗೆ ರಜೆಯಲ್ಲಿ, ಜಯನಗರದ ಒಂದು ಮೈದಾನದಲ್ಲಿ ನಡೆದ ಫುಟ್‌ಬಾಲ್ ಆಯ್ಕೆ ಶಿಬಿರವನ್ನು ಚಿತ್ರೀಕರಿಸಲು ನಮ್ಮ ತಂಡ ಹೋಗಿತ್ತು. ಬಂದವರೆಲ್ಲ ಹನ್ನೆರಡು ಹದಿಮೂರು ವರ್ಷದ ಹುಡುಗರು. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಿಂದ ಕೆಲವರು ಅಪ್ಪನ ಸ್ಕೂಟರಿನ ಹಿಂದೆ ಕುಳಿತು, ಕೆಲವರು ಬಸ್ಸು ಹಿಡಿದು ಬಂದಿದ್ದರು. ದಿನವಿಡೀ ಇಪ್ಪತ್ತು ಇಪ್ಪತ್ತು ನಿಮಿಷದ ಪಂದ್ಯಗಳು ನಡೆದವು. ಸಂಜೆ ಹೆಸರಿನ ಪಟ್ಟಿ ಓದಿದರು. ಆಯ್ಕೆಯಾದವರಲ್ಲಿ ಹೆಚ್ಚಿನವರು ಎತ್ತರದ ಹುಡುಗರು, ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದವರು. ನಮಗೂ ಅದು ಸರಿಯೆಂದೇ ತೋರಿತು.

ಮರುದಿನ ಸಂಕಲನಕ್ಕೆ ಕುಳಿತೆವು. ನಮ್ಮ ಮುಖ್ಯ ಕ್ಯಾಮೆರಾ ಎಲ್ಲ ಕ್ಯಾಮೆರಾಗಳಂತೆ ಚೆಂಡಿನ ಹಿಂದೆಯೇ ಓಡಿತ್ತು. ಆದರೆ ಇನ್ನೊಂದು ಕ್ಯಾಮೆರಾವನ್ನು ಇಡೀ ಮೈದಾನ ಕಾಣುವಂತೆ ಒಂದು ಮೂಲೆಯಲ್ಲಿ ನಿಲ್ಲಿಸಿದ್ದೆವು. ಅದರ ಚಿತ್ರದಲ್ಲಿ ಒಬ್ಬ ಗಿಡ್ಡ ಹುಡುಗ ಕಂಡ. ಚೆಂಡು ಇನ್ನೂ ದೂರದಲ್ಲಿರುವಾಗಲೇ ಅವನು ಎಡಭುಜದ ಮೇಲಿಂದ ಒಮ್ಮೆ, ಬಲಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತಿದ್ದ. ಎರಡು ಹೆಜ್ಜೆ ಸರಿದು ಖಾಲಿ ಜಾಗದಲ್ಲಿ ನಿಲ್ಲುತ್ತಿದ್ದ. ಚೆಂಡು ಬಂದ ಕೂಡಲೇ ಒಂದೇ ಸ್ಪರ್ಶದಲ್ಲಿ ಸರಿಯಾದವನಿಗೆ ದಾಟಿಸಿಬಿಡುತ್ತಿದ್ದ. ಚೆಂಡು ಅವನ ಬಳಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಹಾಗಾಗಿ ಮುಖ್ಯ ಕ್ಯಾಮೆರಾದಲ್ಲಿ ಅವನು ಇರಲೇ ಇಲ್ಲ ಎನ್ನಬಹುದು. ಪಟ್ಟಿಯಲ್ಲೂ ಅವನಿರಲಿಲ್ಲ. ನಾನು ಸಂಘಟಕರಿಗೆ ಫೋನು ಮಾಡಿದೆ. "ಪಟ್ಟಿ ಆಗಿಹೋಯಿತು ಸಾರ್, ಹುಡುಗ ಬಹಳ ಚಿಕ್ಕವನು" ಎಂದರು. ಮುಂದಿನ ವರ್ಷ ಅದೇ ಮೈದಾನಕ್ಕೆ ಹೋದಾಗ ಅವನು ಬಂದಿರಲಿಲ್ಲ. ಆಟ ಬಿಟ್ಟು ಟ್ಯೂಷನ್‌ಗೆ ಹೋಗುತ್ತಾನೆ ಎಂದು ಜೊತೆಯ ಹುಡುಗರು ಹೇಳಿದರು.

ಟ್ಯೂಷನ್‌ಗೆ ಹೋಗುವುದು ತಪ್ಪಲ್ಲ. ಆದರೆ ಅವನು ಆಟ ಬಿಟ್ಟದ್ದು ತನಗೆ ಆಟ ಬರುವುದಿಲ್ಲವೆಂದು ನಂಬಿ. ಆ ನಂಬಿಕೆ ಸುಳ್ಳು. ಅದನ್ನು ಅವನಿಗೆ ಕೊಟ್ಟವರು ದೊಡ್ಡವರಾದ ನಾವು. ಪ್ರತಿಭೆಯನ್ನು ಗುರುತಿಸುವುದು ಏಕೆ ಇಷ್ಟು ಕಷ್ಟ, ಅದನ್ನು ಬೆಳೆಸುವುದು ಹೇಗೆ ಎಂಬುದನ್ನು ಈ ದಿನ ಸ್ವಲ್ಪ ವಿಚಾರ ಮಾಡೋಣ.

ಮೊದಲು ನಮ್ಮ ಊರಿನ ವಿಷಯ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ದಂಡುಪ್ರದೇಶದಲ್ಲಿ. ಬ್ರಿಟಿಷ್ ಪಡೆಗಳು ಆಡಿದ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಬರಿಗಾಲಿನಲ್ಲಿ ಕಲಿತರು. ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಈ ಊರಿನ ಅಹಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆಡಿದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಇವರನ್ನು ಗುರುತಿಸಲು ಆಗ ಅಕಾಡೆಮಿಗಳಿರಲಿಲ್ಲ. ಬೀದಿಯಲ್ಲಿ ಆಡುವುದನ್ನು ವರ್ಷಗಟ್ಟಲೆ ನೋಡಿದ ಹಿರಿಯರಿದ್ದರು. ಮುಂದೆ ಎಚ್.ಎ.ಎಲ್., ಐ.ಟಿ.ಐ.ಯಂಥ ಕಾರ್ಖಾನೆಗಳು ತಂಡ ಕಟ್ಟಿ, ಚೆನ್ನಾಗಿ ಆಡುವ ಹುಡುಗನಿಗೆ ಕೆಲಸವನ್ನೂ ಕೊಟ್ಟವು. ಆಟದಿಂದ ಅನ್ನ ಹುಟ್ಟುತ್ತದೆ ಎಂಬ ಭರವಸೆ ಅಂದು ಮನೆಯವರಿಗಿತ್ತು.

ದಕ್ಷಿಣ ಬೆಂಗಳೂರಿನ ಕಥೆ ಬೇರೆ. 1948ರಲ್ಲಿ ರೂಪುಗೊಂಡ ಜಯನಗರ, ಅದರ ಆಚೆ ಬೆಳೆದ ಬನಶಂಕರಿ, ಜೆ.ಪಿ. ನಗರ ಇವೆಲ್ಲ ಕ್ರಿಕೆಟ್ಟಿನ ಬಡಾವಣೆಗಳು. ಫುಟ್‌ಬಾಲ್ ಕ್ರೀಡಾಂಗಣವಿದ್ದ ಅಶೋಕನಗರ ನಮಗೆ ಊರಾಚೆಯ ಜಾಗವಾಗಿತ್ತು. 2013ರಲ್ಲಿ ಬೆಂಗಳೂರು ಎಫ್.ಸಿ. ಆರಂಭವಾಗಿ, ಮೊದಲ ವರ್ಷವೇ ಐ-ಲೀಗ್ ಗೆದ್ದ ಮೇಲೆ ಗಾಳಿ ಬದಲಾಯಿತು. ಇಂದು ಜೆ.ಪಿ. ನಗರದಲ್ಲಿ, ಬಿ.ಟಿ.ಎಂ.ನಲ್ಲಿ ದೀಪ ಹಾಕಿದ ಟರ್ಫ್ ಅಂಕಣಗಳಿವೆ. ರಾತ್ರಿ ಹತ್ತಕ್ಕೂ ಐದೈದು ಜನರ ತಂಡಗಳು ಆಡುತ್ತಿರುತ್ತವೆ. ಇದು ಸಂತೋಷದ ಸಂಗತಿ. ಆದರೆ ಗಂಟೆಯ ಲೆಕ್ಕದ ಬಾಡಿಗೆ, ಹತ್ತು ಜನ ಹಂಚಿಕೊಂಡರೂ, ಎಲ್ಲ ಮನೆಗೂ ನಿಲುಕುವುದಿಲ್ಲ. ಬಯಲಿನಲ್ಲಿ ಯಾರು ಬೇಕಾದರೂ ಬಂದು ಆಡಬಹುದಿತ್ತು. ಟರ್ಫಿಗೆ ದುಡ್ಡು ಕೊಟ್ಟವರಷ್ಟೇ ಬರುತ್ತಾರೆ. ಪ್ರತಿಭೆ ಹುಡುಕುವವರಿಗೆ ಕಾಣುವುದೂ ಅವರಷ್ಟೇ.

ಈಗ ಒಂದು ಸಣ್ಣ ಲೆಕ್ಕ. ವಯೋಮಿತಿಯ ಪಂದ್ಯಗಳಲ್ಲಿ ಜನವರಿ 1ನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಒಬ್ಬ ಹುಡುಗ ಜನವರಿ 5ರಂದು ಹುಟ್ಟಿದ, ಇನ್ನೊಬ್ಬ ಅದೇ ವರ್ಷದ ಡಿಸೆಂಬರ್ 20ರಂದು. ಇಬ್ಬರೂ ಒಂದೇ ಗುಂಪು. ಆದರೆ ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಎಂದರೆ ಬದುಕಿದ ಬದುಕಿನ ಹತ್ತರಲ್ಲಿ ಒಂದು ಪಾಲು. ಮೊದಲನೆಯವನು ಎತ್ತರವಿರುತ್ತಾನೆ, ಆಯ್ಕೆಯಾಗುತ್ತಾನೆ. ಆಯ್ಕೆಯಾದ್ದರಿಂದ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯ ಸಿಗುತ್ತವೆ. ಅದರಿಂದ ಅವನು ನಿಜವಾಗಿಯೂ ಉತ್ತಮ ಆಟಗಾರನಾಗುತ್ತಾನೆ. ಆಗ ನಾವು, "ನೋಡಿದಿರಾ, ನಮ್ಮ ಆಯ್ಕೆ ಸರಿಯಿತ್ತು" ಎನ್ನುತ್ತೇವೆ! ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1985ರಲ್ಲಿ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುವುದನ್ನು ತೋರಿಸಿದರು. ಫುಟ್‌ಬಾಲ್‌ನಲ್ಲೂ ಅನೇಕ ದೇಶಗಳಲ್ಲಿ ಇದೇ ಕಂಡುಬಂದಿದೆ.

ಜನ್ಮದಿನಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಶರೀರದ ಒಳಗಿನ ಗಡಿಯಾರ. ಹುಡುಗಿಯರು ಸುಮಾರು ಹನ್ನೆರಡರಲ್ಲಿ, ಹುಡುಗರು ಸುಮಾರು ಹದಿನಾಲ್ಕರಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆದರೆ ಇದು ಸರಾಸರಿ ಮಾತ್ರ. ಹದಿಮೂರು ವರ್ಷದ ಇಬ್ಬರು ಸಹಪಾಠಿಗಳಲ್ಲಿ ಒಬ್ಬನ ಮೂಳೆ ಹನ್ನೊಂದರ ಹಂತದಲ್ಲಿದ್ದು, ಇನ್ನೊಬ್ಬನದು ಹದಿನೈದರ ಹಂತದಲ್ಲಿರಬಹುದು. ಇಬ್ಬರನ್ನೂ ಒಂದೇ ಓಟದಲ್ಲಿ ನಿಲ್ಲಿಸಿ ಗಡಿಯಾರ ಒತ್ತಿದರೆ ನಾವು ಅಳೆಯುವುದು ಪ್ರತಿಭೆಯನ್ನಲ್ಲ, ಯೌವನ ಯಾರಿಗೆ ಮೊದಲು ಬಂತು ಎಂಬುದನ್ನು. ಇಂಗ್ಲೆಂಡಿನ ಜೇಮೀ ವಾರ್ಡಿಯನ್ನು ಗಿಡ್ಡನೆಂದು ಹದಿನಾರರ ಹೊತ್ತಿಗೆ ಅವನ ಕ್ಲಬ್ ಕೈಬಿಟ್ಟಿತ್ತು. ಅದೇ ವಾರ್ಡಿ 2015-16ರಲ್ಲಿ 24 ಗೋಲು ಹೊಡೆದು ಲೆಸ್ಟರ್ ಸಿಟಿ ಲೀಗ್ ಗೆಲ್ಲಲು ಕಾರಣನಾದ. ಇಂಗ್ಲೆಂಡಿನ ಕ್ಲಬ್‌ಗಳು 2015ರಿಂದೀಚೆಗೆ ಕೆಲವು ಪಂದ್ಯಗಳಲ್ಲಿ ಮಕ್ಕಳನ್ನು ವಯಸ್ಸಿಗೆ ಬದಲು ಶರೀರದ ಬೆಳವಣಿಗೆಯ ಹಂತಕ್ಕೆ ತಕ್ಕಂತೆ ಗುಂಪು ಮಾಡಿ ಆಡಿಸಿ ನೋಡಿವೆ. ಬೇಗ ಬೆಳೆದವನು ಅಲ್ಲಿ ಬಲದಿಂದ ಗೆಲ್ಲಲಾರ, ಯೋಚಿಸಲೇಬೇಕು. ತಡವಾಗಿ ಬೆಳೆಯುವವನಿಗೆ ತನ್ನ ಚಾತುರ್ಯ ತೋರಿಸಲು ಅವಕಾಶ.

ಇದೇ ಕಾರಣಕ್ಕೆ ವಯಸ್ಸಿನ ಸುಳ್ಳು ದೊಡ್ಡ ಅನ್ಯಾಯ. ಜನನ ಪತ್ರದಲ್ಲಿ ಎರಡು ವರ್ಷ ಕಡಿಮೆ ಮಾಡಿಸಿದರೆ ಯಾರಿಗೇನು ನಷ್ಟ ಎಂದು ಕೇಳುವ ಪೋಷಕರಿದ್ದಾರೆ. ಅವನು ಕಿತ್ತುಕೊಂಡ ಜಾಗ ಇನ್ನೊಬ್ಬ ಮಗುವಿನದು ಎಂಬುದೇ ಅದಕ್ಕೆ ಉತ್ತರ. ಮಣಿಕಟ್ಟಿನ ಮೂಳೆಗಳ ಬೆಳವಣಿಗೆ ನೋಡಿ ಇದನ್ನು ಪತ್ತೆಮಾಡಲು ಯತ್ನಿಸುತ್ತಾರೆ. ನಮ್ಮಲ್ಲಿ ಎಕ್ಸ್‌ರೇ ಬಳಕೆಯಲ್ಲಿದೆ. ಫಿಫಾ ಸಂಸ್ಥೆ 2009ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಎಂ.ಆರ್.ಐ. ಪರೀಕ್ಷೆಯನ್ನು ಜಾರಿಗೆ ತಂದಿತು.

ಹಾಗಾದರೆ ಏನನ್ನು ನೋಡಬೇಕು? ಹಾಲೆಂಡಿನ ಅಯಾಕ್ಸ್ ಕ್ಲಬ್ಬಿನವರು ನಾಲ್ಕು ಗುಣಗಳನ್ನು ಹೇಳುತ್ತಾರೆ: ಚೆಂಡಿನ ಮೇಲಿನ ಹಿಡಿತ, ಆಟದ ಒಳನೋಟ, ವ್ಯಕ್ತಿತ್ವ, ವೇಗ. ಇವುಗಳಲ್ಲಿ ಶರೀರದ ಬೆಳವಣಿಗೆಯನ್ನು ಹೆಚ್ಚಾಗಿ ಅವಲಂಬಿಸಿರುವುದು ವೇಗವೊಂದೇ. ನಾವು ಮಾತ್ರ ಅದನ್ನೇ ಮೊದಲು ಅಳೆಯುತ್ತೇವೆ, ಏಕೆಂದರೆ ಅದಕ್ಕೆ ಗಡಿಯಾರ ಸಾಕು. ಒಳನೋಟವನ್ನು ಅಳೆಯಲು ತಾಳ್ಮೆ ಬೇಕು. ನಾರ್ವೆಯ ಗೇರ್ ಯೋರ್ಡೆಟ್ ಎಂಬ ವಿದ್ವಾಂಸರು ಆಟಗಾರರು ಚೆಂಡು ಬರುವ ಮೊದಲು ಎಷ್ಟು ಸಲ ತಲೆ ತಿರುಗಿಸಿ ಸುತ್ತ ನೋಡುತ್ತಾರೆ ಎಂದು ಎಣಿಸಿದರು. ಹೆಚ್ಚು ನೋಡುವವರು ಚೆಂಡನ್ನು ಹೆಚ್ಚು ಬಾರಿ ಸರಿಯಾಗಿ ದಾಟಿಸುತ್ತಾರೆ ಎಂದು ತಿಳಿದುಬಂತು. ಇದನ್ನು ಓದಿದಾಗ ನನಗೆ ಜಯನಗರದ ಆ ಹುಡುಗ ನೆನಪಾದ.

ಗುರುತಿಸಿದರೆ ಸಾಲದು, ಬೆಳೆಸಬೇಕು. ಚಿಕ್ಕ ಮಕ್ಕಳಿಗೆ 105 ಮೀಟರ್ ಉದ್ದದ ಮೈದಾನವೂ ಬೇಡ, ದೊಡ್ಡವರ 5ನೇ ನಂಬರಿನ ಚೆಂಡೂ ಬೇಡ. ನಾಲ್ಕು ನಾಲ್ಕು ಮಕ್ಕಳ ಆಟದಲ್ಲಿ ಪ್ರತಿಯೊಬ್ಬರಿಗೂ ಚೆಂಡು ಮತ್ತೆ ಮತ್ತೆ ಸಿಗುತ್ತದೆ. ಹನ್ನೊಂದರ ಆಟದಲ್ಲಿ ಕೆಲವರು ಬರೀ ಓಡಿ ಸುಸ್ತಾಗುತ್ತಾರೆ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ಒಳಾಂಗಣದಲ್ಲಿ ಆಡಲು ರೂಪಿಸಿದ ಐದೈದು ಜನರ ಫುಟ್ಸಾಲ್ ಆಟ ಬ್ರೆಜಿಲ್‌ನ ಎಷ್ಟೋ ಆಟಗಾರರಿಗೆ ಮೊದಲ ಪಾಠಶಾಲೆಯಾಯಿತು. ಅಂದಮೇಲೆ ನಮ್ಮ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣವೂ ಸಾಕು.

ಎತ್ತರ ವೇಗವಾಗಿ ಹೆಚ್ಚುವ ವರ್ಷದಲ್ಲಿ ವಿಶೇಷ ಎಚ್ಚರಿಕೆ ಬೇಕು. ಹುಡುಗ ಒಂದೇ ವರ್ಷದಲ್ಲಿ ಎಂಟು ಹತ್ತು ಸೆಂಟಿಮೀಟರ್ ಬೆಳೆಯಬಹುದು. ಕಾಲು ಉದ್ದವಾಗಿರುತ್ತದೆ, ಮೆದುಳಿನಲ್ಲಿ ಇನ್ನೂ ಹಳೆಯ ಲೆಕ್ಕವಿರುತ್ತದೆ. ನಿನ್ನೆ ಚೆನ್ನಾಗಿ ಆಡಿದವನು ಇವತ್ತು ಎಡವುತ್ತಾನೆ. ಮೊಣಕಾಲಿನ ಕೆಳಗಿನ ಗುಬುಟಿನಲ್ಲಿ ನೋವು ಬರುವುದೂ ಉಂಟು. ಇದು ಸೋಮಾರಿತನವಲ್ಲ. ಓಟ, ಜಿಗಿತ ಕಡಿಮೆ ಮಾಡಬೇಕು, ನೋವು ಉಳಿದರೆ ವೈದ್ಯರಿಗೆ ತೋರಿಸಬೇಕು. ಒಂದು ಸುಲಭ ಉಪಾಯ ಹೇಳುತ್ತೇನೆ. ಮೂರು ತಿಂಗಳಿಗೊಮ್ಮೆ ಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆಗಳ ನಡುವಿನ ಅಂತರ ಇದ್ದಕ್ಕಿದ್ದಂತೆ ಹೆಚ್ಚಿದರೆ ಆ ಕಾಲ ಬಂತೆಂದು ತಿಳಿದು ಕೋಚ್‌ಗೆ ಹೇಳಿ.

ಅವಕಾಶ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. 2017ರ ಅಕ್ಟೋಬರ್ 9ರಂದು ದೆಹಲಿಯಲ್ಲಿ, 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ, ಕೊಲಂಬಿಯದ ಎದುರು ಜೀಕ್ಸನ್ ಸಿಂಗ್ ತಲೆಯಿಂದ ಗೋಲು ಹೊಡೆದ. ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಆ ಗೋಲಿಗೆ ಮೂಲೆಯಿಂದ ಚೆಂಡು ಒದ್ದು ಕೊಟ್ಟವನು ಬೆಂಗಳೂರಿನಲ್ಲಿ ಹುಟ್ಟಿದ ಸಂಜೀವ್ ಸ್ಟಾಲಿನ್. ಆದರೆ ಅವನು ಪಳಗಿದ್ದು ಬೆಂಗಳೂರಿನಲ್ಲಲ್ಲ, ದೂರದ ಚಂಡೀಗಢದ ಅಕಾಡೆಮಿಯಲ್ಲಿ. ಇದು ಹೆಮ್ಮೆಯ ಜೊತೆಗೆ ನಮಗೆ ಪಾಠವೂ ಹೌದು. 1968-69ರ ನಂತರ ಸಂತೋಷ್ ಟ್ರೋಫಿ ಮತ್ತೆ ನಮ್ಮ ರಾಜ್ಯಕ್ಕೆ ಬರಲು 2023ರ ಮಾರ್ಚ್ 4ರವರೆಗೆ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸುವವರೆಗೆ, ಕಾಯಬೇಕಾಯಿತು. ಅದೇ ವರ್ಷ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹೆಣ್ಣುಮಕ್ಕಳು ಭಾರತೀಯ ಮಹಿಳಾ ಲೀಗ್‌ನ ಅಂತಿಮ ಪಂದ್ಯ ಮುಟ್ಟಿದರು. ಹುಡುಗಿಯರೇ, ಈ ಮಾತು ನಿಮಗಾಗಿ. ನಿಮ್ಮ ಶಾಲೆಯಲ್ಲಿ ಹುಡುಗಿಯರ ತಂಡವಿಲ್ಲದಿದ್ದರೆ ಏಕಿಲ್ಲ ಎಂದು ಕೇಳಿ. 1960ರಲ್ಲಿ ಆರಂಭವಾದ ಸುಬ್ರೊತೊ ಕಪ್ ಶಾಲಾ ಪಂದ್ಯಾವಳಿಯಲ್ಲಿ ಇಂದು ಬಾಲಕಿಯರ ವಿಭಾಗವೂ ಇದೆ.

ಆಯ್ಕೆ ಮಾಡುವವರಿಗೆ ನನ್ನದೊಂದು ವಿನಂತಿ: ಪಟ್ಟಿ ಓದಿದ ಮೇಲೆ ಬಾಗಿಲು ಮುಚ್ಚಬೇಡಿ. ಆರು ತಿಂಗಳಿಗೊಮ್ಮೆ ಮತ್ತೆ ಕರೆದು ನೋಡಿ. ಬಿಟ್ಟುಹೋದವನಿಗೆ "ನೀನು ಬೇಡ" ಎನ್ನುವ ಬದಲು, "ಇದನ್ನು ಕಲಿತು ಮತ್ತೆ ಬಾ" ಎನ್ನಿ. ಪಟ್ಟಿಯಲ್ಲಿ ಹೆಸರಿಲ್ಲದ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು: ಹದಿಮೂರರಲ್ಲಿ ಒಬ್ಬರು ಕೊಟ್ಟ ತೀರ್ಪು ಅಂದಿನ ನಿಮ್ಮ ಶರೀರದ ಮೇಲಿನ ತೀರ್ಪು, ನಿಮ್ಮ ಮೇಲಿನದಲ್ಲ. ಓದಿನ ಜೊತೆ ಆಟವನ್ನೂ ಉಳಿಸಿಕೊಳ್ಳಿ.

ಕೊನೆಯದಾಗಿ ಒಂದು ಚಿಕ್ಕ ಕೆಲಸ ಕೊಡುತ್ತೇನೆ. ಮುಂದಿನ ಸಲ ಮೈದಾನದಲ್ಲಿ ಪಂದ್ಯ ನೋಡುವಾಗ ಐದು ನಿಮಿಷ ಚೆಂಡನ್ನು ಮರೆತುಬಿಡಿ. ಯಾವನಾದರೂ ಒಬ್ಬ ಆಟಗಾರನನ್ನು ಮಾತ್ರ ನೋಡಿ. ಚೆಂಡು ಬರುವ ಮೊದಲು ಅವನು ಎಷ್ಟು ಸಲ ಸುತ್ತ ನೋಡಿದ, ಎಲ್ಲಿ ಹೋಗಿ ನಿಂತ, ಗೆಳೆಯ ತಪ್ಪು ಮಾಡಿದಾಗ ಏನು ಮಾಡಿದ ಎಂದು ಬರೆದುಕೊಳ್ಳಿ. ನಿಮ್ಮ ತರಗತಿಯಲ್ಲೇ ಎಲ್ಲರ ಕಣ್ಣು ತಪ್ಪಿಸಿಕೊಂಡ ಒಬ್ಬ ಒಳ್ಳೆಯ ಆಟಗಾರ ಇರಬಹುದು. ಇದ್ದರೆ ನಿಮ್ಮ ದೈಹಿಕ ಶಿಕ್ಷಕರಿಗೆ ಹೋಗಿ ಹೇಳಿ. ನಾನು ಒಂದು ದಿನ ತಡವಾಗಿ ಹೇಳಿದೆ. ನೀವು ಹಾಗೆ ಮಾಡಬೇಡಿ.