ಕೊಬ್ಬು ಕರಗುವುದೆಂದರೇನು?

(ಸಂಘದ ವಾರದ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಗೆ ಬಂದಾಗ ನಮ್ಮಲ್ಲಿ ಬಹುಮಂದಿ ತೆಳ್ಳಗಿದ್ದವರೇ. ಹೋಟೆಲಿನಲ್ಲಿ ತಟ್ಟೆ ಹೊತ್ತು ಓಡಾಡಿದಷ್ಟು ಕಾಲ ಹೊಟ್ಟೆ ಬೆಳೆಯಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಎರಡೇ ವರ್ಷಕ್ಕೆ ಅಂಗಿಯ ಗುಂಡಿ ಕೂಡದಾಯಿತು. ಆಗ ನಾವು ಮಾಡಿದ್ದೇನು? ಬೆವರಿಳಿಸುವ ಸೊಂಟಪಟ್ಟಿಗೆ ಸಂಬಳದ ಹಣ ತೆತ್ತೆವು. ಬೆವರು ಬಂತು, ಹಣ ಹೋಯಿತು, ಹೊಟ್ಟೆ ಮಾತ್ರ ಇದ್ದಲ್ಲೇ ಇದೆ! ಹೀಗೇಕೆಂದು ಇಂದು ವಿಚಾರಿಸೋಣ.

ನಮ್ಮ ದೇಹವೂ ಒಬ್ಬ ಜಾಣ ಸಂಸಾರಿಯೇ. ಅದರಲ್ಲಿ ಎರಡು ಬಗೆಯ ಉಳಿತಾಯವುಂಟು. ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಗ್ಲೈಕೋಜನ್ ರೂಪದಲ್ಲಿರುವ ಸಕ್ಕರೆ ಜೇಬಿನ ಚಿಲ್ಲರೆಯಂತೆ; ಅದು ಸುಮಾರು ಅರ್ಧ ಕಿಲೋ. ಕೊಬ್ಬೆಂಬುದು ಪ್ರಾವಿಡೆಂಟ್ ಫಂಡು. ಒಂದು ಗ್ರಾಮ್ ಸಕ್ಕರೆ 4 ಕ್ಯಾಲೊರಿ ಶಕ್ತಿ ಕೊಟ್ಟರೆ, ಕೊಬ್ಬು 9 ಕೊಡುತ್ತದೆ. 10 ಕಿಲೋ ಕೊಬ್ಬೆಂದರೆ 90,000 ಕ್ಯಾಲೊರಿಯ ಠೇವಣಿ!

ಊಟವಾದೊಡನೆ ರಕ್ತದಲ್ಲಿ ಇನ್ಸುಲಿನ್ ಏರಿ ಈ ಫಂಡಿಗೆ ಬೀಗ ಬೀಳುತ್ತದೆ. ಹೊಟ್ಟೆ ಬರಿದಾದಾಗ, ಇಲ್ಲವೆ ಮೈ ದುಡಿಯತೊಡಗಿ ಅಡ್ರಿನಲಿನ್ ಏರಿದಾಗ, ಬೀಗ ತೆರೆಯುತ್ತದೆ. ಕೊಬ್ಬು ಒಡೆದು, ರಕ್ತದ ಮೂಲಕ ಮಾಂಸಖಂಡಗಳನ್ನು ಸೇರಿ, ಅಲ್ಲಿ ಪ್ರಾಣವಾಯುವಿನೊಡನೆ ಕೂಡಿ ಉರಿಯುತ್ತದೆ. ಉರಿದದ್ದು ಎಲ್ಲಿಗೆ ಹೋಗುತ್ತದೆ? 2014ರಲ್ಲಿ ಆಸ್ಟ್ರೇಲಿಯದ ಮೀರ್‌ಮನ್ ಮತ್ತು ಬ್ರೌನ್ ಎಂಬವರು ಲೆಕ್ಕ ಹಾಕಿ ತೋರಿಸಿದರು: 10 ಕಿಲೋ ಕೊಬ್ಬಿನಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೊರಟುಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಕೊಬ್ಬಿಗೆ ಹೆಬ್ಬಾಗಿಲು ನಮ್ಮ ಉಸಿರು. ಪಟ್ಟಿ ಕಟ್ಟಿ ಬೆವರಿಸಿದ ತೂಕವು ಒಂದು ಚೊಂಬು ನೀರು ಕುಡಿದರೆ ಮರಳಿ ಬರುತ್ತದೆ.

ನಿದ್ದೆಯಲ್ಲಿಯೂ ಹೃದಯ, ಶ್ವಾಸಕೋಶ, ಮೆದುಳು ದುಡಿಯುತ್ತಲೇ ಇರುತ್ತವೆ. ರಾತ್ರಿ ಕಳೆದು ಬೆಳಗಾಗುವಾಗ ದೇಹದ ಖರ್ಚಿನ ಅರ್ಧಕ್ಕೂ ಮಿಕ್ಕಿ ಕೊಬ್ಬಿನಿಂದಲೇ ಸಲ್ಲುತ್ತದೆ. ಆದರೆ ಆಗ ಖರ್ಚೇ ಕಡಿಮೆ. ನಡೆದಾಗ ಖರ್ಚು ಏರುತ್ತದೆ, ಕೊಬ್ಬೂ ಹೆಚ್ಚು ಉರಿಯುತ್ತದೆ. ಜೋರಾಗಿ ಓಡಿದರೆ ಬೇಗ ಕೈಗೆ ಸಿಗುವ ಸಕ್ಕರೆಯ ಪಾಲು ಹೆಚ್ಚುತ್ತದೆ. ಹಾಗೆಂದು ಓಟ ವ್ಯರ್ಥವಲ್ಲ. ಖಾಲಿಯಾದ ಚಿಲ್ಲರೆ ತುಂಬುವಾಗ ದೇಹವು ಫಂಡಿಗೇ ಕೈಹಾಕುತ್ತದೆ. ಕೊನೆಗೆ ನೋಡಬೇಕಾದದ್ದು ಇಡೀ ದಿನದ ಜಮಾಖರ್ಚು.

ಒಂದು ತಾಸಿನ ಚುರುಕು ನಡಿಗೆಗೆ ಸುಮಾರು 250ರಿಂದ 300 ಕ್ಯಾಲೊರಿ ಖರ್ಚು. ಕೊಬ್ಬಿನ ಲೆಕ್ಕದಲ್ಲಿ ಅದು 30 ಗ್ರಾಮ್ ಮಾತ್ರ. ಒಂದು ವಡಾಪಾವು ತಿಂದರೆ ತುಂಬಿಹೋಯಿತು! ಆದರೂ ನಿರಾಶರಾಗುವುದು ಬೇಡ. ಊಟ ಹೆಚ್ಚಿಸದೆ ದಿನವೂ ನಡೆದರೆ ತಿಂಗಳಿಗೆ ಮುಕ್ಕಾಲು ಕಿಲೋವಿಗೆ ಮೇಲೆ ಇಳಿದೀತು. ಫಂಡು ಬೆಳೆದದ್ದು ತಿಂಗಳು ತಿಂಗಳ ಕಂತಿನಿಂದ, ಕರಗುವುದೂ ಕಂತಿನಿಂದಲೇ. ಹೃದಯದ ತೊಂದರೆಯವರೂ ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರೂ ಮೊದಲು ವೈದ್ಯರನ್ನು ಕೇಳಲಿ.

ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಸಂಘದ ಬಾಗಿಲಲ್ಲಿ ಸೇರಿ, ಚೌಪಾಟಿಯವರೆಗೆ ನಡೆಯೋಣ. ಅದಕ್ಕೆ ಚಂದಾ ಇಲ್ಲ. ಸೊಂಟಪಟ್ಟಿಗೆ ತೆರುವ ಹಣವನ್ನು ಊರಿಗೆ ಕಳುಹಿಸೋಣ.